ಜಿಐ ಗೇಟಿಗೆ ವೆಲ್ಡಿಂಗ್ ಜಾಗದಲ್ಲೇ ತುಕ್ಕು ಯಾಕೆ?

ಮಲ್ಪೆ ಹತ್ತಿರ ಮನೆ, ಜಿಐ ಪೈಪಿನ ಗೇಟು, ಒಂದೇ ಮಳೆಗಾಲಕ್ಕೆ ವೆಲ್ಡಿಂಗ್ ಮಾಡಿದ ಕಡೆಯೆಲ್ಲ ತುಕ್ಕು, ಪೈಪೇ ಕಳಪೆಯಾ ಅಂತ ಕೇಳಿದ್ದೀರಿ. ಉಳಿದ ಪೈಪು ಚೆನ್ನಾಗಿದೆ ಅಂದರೆ ಅದರ ತಪ್ಪಲ್ಲ ಬಿಡಿ.

ಜಿಐ ಅಂದರೆ ತುಕ್ಕು ಹಿಡಿಯದಂತೆ ಮೇಲೆ ಸತುವಿನ (ಜಿಂಕ್) ಲೇಪ ಕೊಟ್ಟ ಉಕ್ಕು. ಈ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು 1,500 ಡಿಗ್ರಿ ಹತ್ತಿರ ಬೇಕು. ಹಾಗಾಗಿ ಬೆಸುಗೆ ಕೂರುವ ಮೊದಲೇ ಸುತ್ತಲಿನ ಸತು ಹಾರಿಹೋಗಿರುತ್ತದೆ. ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆ ಅದೇ. ಅದನ್ನು ಜಾಸ್ತಿ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುವುದೂ ಉಂಟು.

ಸಣ್ಣ ಗೀರು ಬಿದ್ದರೆ ಚಿಂತೆಯಿಲ್ಲ. ಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಅದರ ಕೈ ಕೆಲವೇ ಮಿಲಿಮೀಟರ್ ದೂರಕ್ಕೆ ಎಟುಕುತ್ತದೆ. ಬೆರಳಗಲ ಬೋಳಾದ ಜಾಗ, ಮೇಲೆ ಕಡಲ ಉಪ್ಪುಗಾಳಿ, ಇನ್ನೇನಾಗುತ್ತದೆ?

ಈಗ ತುಕ್ಕನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ ತೆಗೆಯಿರಿ. ಒಣಗಿದ ಮೇಲೆ 90 ಶೇಕಡಾದಷ್ಟು ಸತುವೇ ಉಳಿಯುವ ಜಿಂಕ್ ರಿಚ್ ಪೇಂಟ್ ಎರಡು ಕೋಟ್ ಹೊಡೆಯಿರಿ. ಅದರ ಕೆಳಗೆ ರೆಡ್ ಆಕ್ಸೈಡ್ ಪ್ರೈಮರ್ ಬೇಡ, ಸತು ನೇರವಾಗಿ ಕಬ್ಬಿಣಕ್ಕೆ ತಾಗಬೇಕು. ನಾನೂ ಒಮ್ಮೆ ಈ ತಪ್ಪು ಮಾಡಿ ಎಲ್ಲ ಮತ್ತೆ ಕೆರೆದಿದ್ದೇನೆ. ಅಂಗಡಿಯವರು ಕೊಡುವ ಸಿಲ್ವರ್ ಪೇಂಟ್ ಅಲ್ಯೂಮಿನಿಯಂ ಪುಡಿಯದ್ದು, ಸುಮ್ನೆ ಹೊಳೆಯುತ್ತದೆ ಅಷ್ಟೇ.

ಮುಂದೆ ಹೊಸ ಗೇಟು ಮಾಡಿಸಿದರೆ ಸತು ಲೇಪವಿಲ್ಲದ ಕಪ್ಪು ಪೈಪಿನಲ್ಲಿ ಪೂರ್ತಿ ವೆಲ್ಡ್ ಮಾಡಿಸಿ, ಆಮೇಲೆ ಇಡೀ ಗೇಟನ್ನು ಹಾಟ್ ಡಿಪ್‌ಗೆ ಕೊಡಿ. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ, ಒಳಗೂ ಹೊರಗೂ ಹಿಡಿಯುತ್ತದೆ. ಪೈಪಿಗೆ ಗಾಳಿ ಹೋಗುವ ತೂತು ಮೊದಲೇ ಇಡಿಸಿ. ಮುಚ್ಚಿದ ಪೈಪು ಆ ಬಿಸಿಯಲ್ಲಿ ಸಿಡಿಯಬಹುದು.