ಕೊಲೆ ಕೇಸಿನ ಅಪೀಲಿಗೆ ಹೊಲ ಮಾರಿ ದೊಡ್ಡ ವಕೀಲರನ್ನು ಹಿಡಿಯಬೇಕೇ?

ಮಾರಬೇಡಿ. ಕೊನೇಪಕ್ಷ ಅಣ್ಣನ ಕೇಸಿನ ಕಾಗದಗಳನ್ನು ನೀವೇ ಕೂತು ಓದುವ ತನಕವಾದರೂ ಮಾರಬೇಡಿ.

"ಜಗಳದಲ್ಲಿ ಬಿದ್ದದ್ದು ಒಂದೇ ಏಟು, ಆದರೂ ಸೆಷನ್ಸ್ ಕೋರ್ಟು ಜೀವಾವಧಿ ಕೊಟ್ಟಿದೆ, ಅಣ್ಣ ನಿರಪರಾಧಿ ಅಂತ ಹೈಕೋರ್ಟಿನಲ್ಲಿ ಸಾಬೀತು ಮಾಡುವ ವಕೀಲರು ಬೇಕು" ಎಂದು ಬರೆದಿದ್ದೀರಿ. 2014ರಲ್ಲಿ ನಮ್ಮ ಪಡಸಾಲೆಯಲ್ಲಿ ಕೂತು ನಾವು ಆಡಿದ್ದೂ ಇದೇ ಮಾತು.

ನಮ್ಮದು ಹಾವೇರಿ ಜಿಲ್ಲೆ. ಬದುವಿನ ಜಗಳ. 2012ರ ಮುಂಗಾರು ಬಿತ್ತನೆ ಹೊತ್ತಿನಲ್ಲಿ ಪಕ್ಕದ ಹೊಲದವರು ಬದು ಒತ್ತಿದರೆಂದು ಮಾತಿಗೆ ಮಾತು ಬೆಳೆಯಿತು. ನನ್ನ ಅಣ್ಣನ ಕೈಯಲ್ಲಿ ಸಲಿಕೆ ಇತ್ತು. ಏಟು ತಲೆಗೆ ಬಿತ್ತು. ಆ ಮನುಷ್ಯ ಮೂರನೇ ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೂ ಎರಡು ಸಣ್ಣ ಮಕ್ಕಳಿದ್ದವು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ವಿಚಾರಣೆಯಲ್ಲಿ ನಾವು ಹಿಡಿದದ್ದು ಒಂದೇ ಹಟ: ಅಣ್ಣ ಅಲ್ಲಿ ಇರಲೇ ಇಲ್ಲ, ರಾಣೆಬೆನ್ನೂರಿಗೆ ಹೋಗಿದ್ದ. ಅದಕ್ಕೆ ಒಂದು ಬಸ್ ಚೀಟಿಯೂ ನಮ್ಮ ಬಳಿ ಇರಲಿಲ್ಲ. ಅವರ ಕಡೆ ಕಣ್ಣಾರೆ ಕಂಡವರು ಇಬ್ಬರು, ಸತ್ತವನ ತಮ್ಮ ಮತ್ತು ಒಬ್ಬ ಕುರಿ ಕಾಯುವ ಮುದುಕ. ಮುದುಕನಿಗೆ ನಮ್ಮ ಮೇಲೆ ಯಾವ ಹಗೆಯೂ ಇರಲಿಲ್ಲ. ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 302ರಲ್ಲಿ, ಅಂದರೆ ಕೊಲೆಯ ಕಲಮಿನಲ್ಲಿ, ಜೀವಾವಧಿ ಆಯಿತು.

ನಮ್ಮ ಕಡೆಯ ಅಪೀಲು ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ. ಅಲ್ಲಿ ಹೆಸರಿಲ್ಲದ ಒಬ್ಬ ವಕೀಲರು ಮೂರು ಸಂಜೆ ಕೂತು ಇಡೀ ಕಡತ ಓದಿದರು. ಆ ಮುದುಕನ ಪಾಟೀಸವಾಲಿನಲ್ಲಿ, ನಮ್ಮ ಕಡೆಯವರು ಬೇರೇನೋ ಕೇಳಲು ಹೋದಾಗ, ಅವನು ಹೇಳಿಬಿಟ್ಟಿದ್ದ ಎರಡು ಸಾಲು ಅವರ ಕಣ್ಣಿಗೆ ಬಿದ್ದವು: ಇಬ್ಬರೂ ಬೈದಾಡಿದರು, ಸತ್ತವನೇ ಮೊದಲು ಕೊರಳಪಟ್ಟಿ ಹಿಡಿದ, ಆಮೇಲೆ ಏಟು ಬಿತ್ತು. ಮರಣೋತ್ತರ ವರದಿಯಲ್ಲೂ ಇದ್ದದ್ದು ಒಂದೇ ಗಾಯ. ಮೊದಲೇ ಯೋಚನೆ ಮಾಡಿರದೆ, ಹಠಾತ್ ಜಗಳದಲ್ಲಿ, ಸಿಟ್ಟಿನ ಭರದಲ್ಲಿ, ಕ್ರೂರವಾಗಿ ನಡೆದುಕೊಳ್ಳದೆ ಹೊಡೆದದ್ದಾದರೆ ಅದು ಐಪಿಸಿ 300ರ ನಾಲ್ಕನೇ ವಿನಾಯಿತಿಗೆ ಬರುತ್ತದೆ. ಆಗ ಕೇಸು 302ರಿಂದ 304ಕ್ಕೆ, ಅಂದರೆ ಕೊಲೆಯಲ್ಲದ ನರಹತ್ಯೆಗೆ ಇಳಿಯುತ್ತದೆ (ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 103 ಮತ್ತು 105). ಕೊಲ್ಲುವ ಉದ್ದೇಶ ಇರಲಿಲ್ಲ, ಸಾಯಬಹುದೆಂಬ ಅರಿವಷ್ಟೇ ಇತ್ತು ಅನ್ನುವುದಾದರೆ 304ರ ಎರಡನೇ ಭಾಗ. ಅದರಲ್ಲಿ ಗರಿಷ್ಠ ಹತ್ತು ವರ್ಷ.

ನಾವು ಎಡವಿದ್ದು ಇಲ್ಲಿ. ಅಪೀಲು ಅರ್ಜಿಯಲ್ಲಿ "ಪರ್ಯಾಯವಾಗಿ" ಎಂದು ಶುರುವಾಗುವ ಒಂದು ಪ್ಯಾರಾ ಸೇರಿಸುತ್ತೇನೆ ಎಂದರು ವಕೀಲರು. ಅಪ್ಪ ಕುರ್ಚಿ ಬಿಟ್ಟು ಎದ್ದರು.

"ಕಡಿಮಿ ಮಾಡ್ರಿ ಅಂತ ಕೇಳಿದ್ರ ನನ್ನ ಮಗಾನ ಹೊಡದಾನ ಅಂತ ನಾನ ಬರದು ಕೊಟ್ಟಂಗ ಆತು. ಊರಾಗ ಹೆಂಗ ಮುಖ ತೋರಸ್ಲಿ?"

"ಯಜಮಾನ್ರ, ಅದು ಒಪ್ಪಿಗಿ ಅಲ್ರೀ. ಮೊದಲು ಬಿಡುಗಡೆನ ಕೇಳತೀವಿ. ಆಗಲಿಲ್ಲ ಅಂದ್ರ ಇನ್ನೊಂದು ಬಾಗಲಾ ತಗದು ಇಟ್ಟಿರತೀವಿ, ಅಷ್ಟ."

ನಾನು ಅಪ್ಪನ ಪಕ್ಕ ನಿಂತೆ. ಡಿಗ್ರಿ ಓದಿದವನು ನಾನೊಬ್ಬನೇ, ಆದರೂ ನಿಂತೆ. ಆ ಪ್ಯಾರಾ ಬರಲಿಲ್ಲ.

ಇದರಿಂದ ಏನೇನು ಹೋಯಿತು ನೋಡಿ. ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಎಂದು ಹಾಕಿದ ಅರ್ಜಿ 2015ರಲ್ಲಿ ವಜಾ ಆಯಿತು. ಶಿಕ್ಷೆ ಆದ ಮೇಲೆ ಜಾಮೀನು ಸುಲಭವಲ್ಲ, ಸರ್ಕಾರಿ ವಕೀಲರ ಆಕ್ಷೇಪಣೆಗೂ ಅವಕಾಶ ಕೊಡುತ್ತಾರೆ. ಹಾಗಿರುವಾಗ ಒಂದೇ ಏಟು, ಹಠಾತ್ ಜಗಳ ಅನ್ನುವ ಮಾತೇ ಎತ್ತದೆ, ಇಬ್ಬರು ಕಂಡವರ ಎದುರು "ಅಲ್ಲಿ ಇರಲೇ ಇಲ್ಲ" ಎಂದರೆ ಯಾರು ಕೊಟ್ಟಾರು? ಆಮೇಲೆ ಅಪ್ಪ ಆ ವಕೀಲರನ್ನು ಬಿಡಿಸಿ, 2017ರಲ್ಲಿ ಒಂದು ಎಕರೆ ಮಾರಿ, ಬೆಂಗಳೂರಿನಿಂದ ದೊಡ್ಡ ಹೆಸರಿನವರನ್ನು ಕರೆಸಿದರು. 2018ರಲ್ಲಿ ಅಂತಿಮ ವಾದ. ಇಬ್ಬರು ನ್ಯಾಯಮೂರ್ತಿಗಳ ಪೀಠ. ನಾನು ಹಿಂದಿನ ಸಾಲಿನಲ್ಲಿದ್ದೆ. ನಡುವೆ ಒಬ್ಬರು ನ್ಯಾಯಮೂರ್ತಿಗಳು ಕೇಳಿದರು, ಪರ್ಯಾಯ ವಾದ ಏನಾದರೂ ಇದೆಯೇ? ವಕೀಲರು ತಿರುಗಿ ಅಪ್ಪನ ಮುಖ ನೋಡಿದರು. ಅಪ್ಪ ತಲೆ ಅಲ್ಲಾಡಿಸಿದರು. "ಇಲ್ಲ, ಕಕ್ಷಿದಾರರ ಸೂಚನೆ ಹಾಗಿದೆ" ಎಂದರು ಅವರು. ನಾವು ಕೇಳದಿದ್ದರೂ ಕೋರ್ಟು ತಾನಾಗಿ 304 ಅನ್ನು ಪರಿಗಣಿಸಬಹುದು, ಪರಿಗಣಿಸಿದ್ದೂ ಉಂಟು. ಆದರೆ ಕೋರ್ಟೇ ಕೇಳಿದಾಗ ಬೇಡ ಅಂದವರು ಯಾರನ್ನು ದೂರಬೇಕು? ಶಿಕ್ಷೆ ಕಾಯಂ ಆಯಿತು.

2019ರಲ್ಲಿ ಅಪ್ಪ ತೀರಿಕೊಂಡರು. ಅಣ್ಣ ಪೊಲೀಸ್ ಬೆಂಗಾವಲಿನಲ್ಲಿ ಬಂದು ಮಣ್ಣು ಹಾಕಿ ಹೋದ.

ಆಮೇಲಿನದು ಅಣ್ಣ ತಾನೇ ಮಾಡಿಕೊಂಡದ್ದು. ಜೈಲಿನ ಕಾನೂನು ನೆರವಿನ ಮೂಲಕ ಕಾಗದ ಕಳಿಸಿ, ಸುಪ್ರೀಂ ಕೋರ್ಟಿನ ಕಾನೂನು ಸೇವಾ ಸಮಿತಿ ಕೊಟ್ಟ ವಕೀಲೆಗೆ ನಡೆದದ್ದನ್ನು ನಡೆದ ಹಾಗೇ ಹೇಳಿದ. 2021ರಲ್ಲಿ ವಿಡಿಯೋದಲ್ಲೇ ವಿಚಾರಣೆ ಮುಗಿಯಿತು. 304ರ ಎರಡನೇ ಭಾಗ, ಅನುಭವಿಸಿದ ಶಿಕ್ಷೆ ಸಾಕು ಎಂದಿತು ಕೋರ್ಟು. ಆ ಹೊತ್ತಿಗೆ ಒಳಗೆ ಒಂಬತ್ತು ವರ್ಷ ಕಳೆದಿತ್ತು. ನಮ್ಮ ಖರ್ಚು ಸೊನ್ನೆ. ಆಕೆ ವಾದಿಸಿದ್ದು ಕುರಿ ಕಾಯುವ ಮುದುಕನ ಅದೇ ಎರಡು ಸಾಲು.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರಾಗಬೇಡಿ. ಹೈಕೋರ್ಟಿನಲ್ಲಿ ಯಾರೂ ನಿರಪರಾಧಿ ಎಂದು "ಸಾಬೀತು" ಮಾಡುವುದಿಲ್ಲ. ಹೊಸ ಸಾಕ್ಷಿ ಬರುವುದು ತೀರಾ ಅಪರೂಪ. ಕೆಳಗಿನ ಕೋರ್ಟಿನಲ್ಲಿ ದಾಖಲಾದದ್ದನ್ನೇ ಮತ್ತೆ ತೂಗುತ್ತಾರೆ. ಇಡೀ ಕಡತ ಓದುವ ವಕೀಲರು ಬೇಕು, ಹೆಸರು ದೊಡ್ಡದಿರಲಿ ಚಿಕ್ಕದಿರಲಿ. ಪರೀಕ್ಷೆ ಮಾಡುವುದು ಸುಲಭ: ಪಿ.ಡಬ್ಲ್ಯೂ. 2 (ಸರ್ಕಾರದ ಕಡೆಯ ಎರಡನೇ ಸಾಕ್ಷಿ) ಪಾಟೀಸವಾಲಿನಲ್ಲಿ ಏನು ಹೇಳಿದ್ದಾನೆ ಅಂತ ಕೇಳಿ. ಕಡತ ತೆಗೆಯದೆ ಫೀಸಿನ ಮಾತಿಗೆ ಬಂದರೆ ಎದ್ದು ಬನ್ನಿ.

ನೀವೂ ಓದಿ. ಸಾಕ್ಷಿ ಹೇಳಿಕೆಗಳು ಕನ್ನಡದಲ್ಲೇ ಇರುತ್ತವೆ. ಮೊದಲು ಕೈ ಮಾಡಿದವರು ಯಾರು, ಆಯುಧ ಮನೆಯಿಂದ ತಂದದ್ದೋ ಕೈಗೆ ಸಿಕ್ಕಿದ್ದೋ, ಗಾಯ ಎಷ್ಟು, ಏಟಿನ ಮೇಲೆ ಏಟು ಬಿತ್ತೋ ಅಲ್ಲಿಗೇ ನಿಂತಿತೋ, ಇವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಜೀವಾವಧಿಯ ವಿರುದ್ಧ ಹೈಕೋರ್ಟಿಗೆ ಹೋಗಲು ತೀರ್ಪಿನ ದಿನದಿಂದ 60 ದಿನ. ನಕಲು ಸಿಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ತೀರ್ಪಿನ ಪ್ರತಿ ನಿಮ್ಮ ಅಣ್ಣನಿಗೆ ಪುಕ್ಕಟೆ ಕೊಡಲೇಬೇಕು. ದಿನ ಮೀರಿದ್ದರೆ ವಿಳಂಬ ಮನ್ನಿಸಿ ಎಂಬ ಅರ್ಜಿ ಜೊತೆಗಿಡಬೇಕು. ಅಣ್ಣ ಜೈಲಿನ ಅಧಿಕಾರಿಗಳ ಮೂಲಕವೇ ಅಪೀಲು ಕಳಿಸಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಸಹಾಯವಾಣಿ 15100. "ಪುಕ್ಕಟೆ ವಕೀಲರು ಏನು ವಾದ ಮಾಡ್ತಾರೆ" ಅನ್ನುವವರಿಗೆ ನಮ್ಮ ಒಂದು ಎಕರೆಯ ಕತೆ ಹೇಳಿ.

ಇನ್ನೊಂದು. ಮುಂದಿನ ಭೇಟಿಗೆ ಜೈಲಿಗೆ ಒಬ್ಬರೇ ಹೋಗಿ, ಅಪ್ಪ ಅಮ್ಮನನ್ನು ಬಿಟ್ಟು. ಆ ದಿನ ಏನಾಯಿತು ಅಂತ ಕೇಳಿ, ನಡುವೆ ಬಾಯಿ ಹಾಕಬೇಡಿ. ನಾನು ಅಣ್ಣನನ್ನು ಅದನ್ನು ಮೊದಲ ಸಲ ಕೇಳಿದ್ದು ಅವನು ಬಿಡುಗಡೆಯಾಗಿ ಊರಿಗೆ ಬರುವಾಗ, ಬಸ್ಸಿನಲ್ಲಿ.

ತೀರ್ಪು ಬಂದ ತಾರೀಖು ನೀವು ಬರೆದಿಲ್ಲ. ಮೊದಲು ಅದನ್ನು ತಿಳಿಸಿ, 60 ದಿನದಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕೋಣ.