ಕೇಳುವವರಿಲ್ಲದೆ ಭಾಷಣ ಕಲಿಸುವುದು ಹೇಗೆ?

(ಕಾಲೇಜುಗಳಲ್ಲಿ ಭಾಷಣ ಕಲಿಯುವ, ಕಲಿಸುವ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ನಿವೃತ್ತ ಪ್ರಾಧ್ಯಾಪಕಿಯಾದ ನಮ್ಮ ಅಂಕಣಗಾರ್ತಿ ಇಲ್ಲಿ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಈ ಸೆಮಿಸ್ಟರ್‌ನಲ್ಲಿ ಸಂವಹನ ಕೌಶಲದ ಪತ್ರಿಕೆ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ 64 ವಿದ್ಯಾರ್ಥಿಗಳಿದ್ದಾರೆ. ಎಲ್ಲರನ್ನೂ ಮಾತನಾಡಿಸಲು ಸಮಯ ಸಾಲದೆ ನೋಟ್ಸ್ ಬರೆಸುತ್ತಿದ್ದೇನೆ. ಬೇರೆ ದಾರಿ ಇದೆಯೇ? ಈ ಪತ್ರಿಕೆ ಇಂಗ್ಲಿಷ್ ವಿಭಾಗಕ್ಕೇ ಏಕೆ ಗಂಟುಬೀಳುತ್ತದೆ?
— ಅತಿಥಿ ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ನೋಟ್ಸ್ ಬರೆಸುವುದನ್ನು ಇಂದೇ ನಿಲ್ಲಿಸಿ ಎನ್ನುವ ಆಸೆ ನನಗೂ ಇದೆ. ಆದರೆ ಪರೀಕ್ಷೆಯಲ್ಲಿ ‘ಉತ್ತಮ ಭಾಷಣಕಾರನ ಲಕ್ಷಣಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಕಾದು ಕುಳಿತಿರುತ್ತದಲ್ಲ! ಬಾಯಿ ತೆರೆಯದೆ ಪೂರ್ತಿ ಅಂಕ ಗಳಿಸಬಹುದಾದ ಭಾಷಣದ ಪರೀಕ್ಷೆ ಅದು. ಆ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಹಂಚಿಬಿಡಿ. ತರಗತಿಯ ಸಮಯ ಉಳಿಯಿತು.

ಈಗ ಲೆಕ್ಕಕ್ಕೆ ಬನ್ನಿ. ಒಬ್ಬೊಬ್ಬರಿಗೆ ಮೂರು ನಿಮಿಷ ಕೊಟ್ಟರೂ 192 ನಿಮಿಷ ಬೇಕು. ಬೆಂಚಿನಿಂದ ಎದ್ದು ಬರುವುದು, ನಗುವುದು, ‘ಮೇಡಂ, ನಾಳೆ ಮಾತನಾಡುತ್ತೇನೆ’ ಎಂದು ಗೋಗರೆಯುವುದು, ಎಲ್ಲ ಸೇರಿದರೆ ಐದು ತರಗತಿ ಮುಗಿದವು. ಅಷ್ಟು ಹೊತ್ತೂ ಒಬ್ಬ ಮಾತನಾಡುತ್ತಿದ್ದರೆ ಉಳಿದ 63 ಮಂದಿ ತಮ್ಮ ಸರದಿಯ ಭಯದಲ್ಲಿ ಮುಳುಗಿರುತ್ತಾರೆ. ಕೇಳುವವರೇ ಇಲ್ಲದ ಭಾಷಣವದು. ಸಮಯದ ಕೊರತೆಗಿಂತ ದೊಡ್ಡ ತೊಂದರೆ ಇದೇ ಎಂದು ನನ್ನ ಅಭಿಪ್ರಾಯ.

ಎಂಟೆಂಟು ಮಂದಿಯ ಎಂಟು ಗುಂಪು ಮಾಡಿ. ಎರಡು ಗುಂಪು ಕೋಣೆಯಲ್ಲಿ, ಎರಡು ಪಡಸಾಲೆಯಲ್ಲಿ, ಉಳಿದವರು ಮರದ ನೆರಳಿನಲ್ಲಿ. ಒಬ್ಬರಿಗೆ ಎರಡು ನಿಮಿಷ. ಮುಂದಿನವರು ತಮ್ಮ ಮಾತು ಆರಂಭಿಸುವ ಮೊದಲು, ಹಿಂದಿನವರು ಹೇಳಿದ್ದೇನು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ‘ನಾನು ಹಾಗೆ ಹೇಳಲಿಲ್ಲ’ ಎಂದು ಹಿಂದಿನವರು ತಕರಾರು ತೆಗೆದರೆ ಬಹಳ ಒಳ್ಳೆಯದು: ಹೇಳಿದ್ದರಲ್ಲಿ ಗೊಂದಲವಿತ್ತೇ, ಕೇಳಿದ್ದರಲ್ಲಿ ದೋಷವಿತ್ತೇ ಎಂದು ಅವರೇ ಜಗಳವಾಡಿ ತೀರ್ಮಾನಿಸಲಿ. ಅರ್ಧ ಗಂಟೆಯಲ್ಲಿ ತರಗತಿಗೆ ತರಗತಿಯೇ ಒಮ್ಮೆ ಮಾತನಾಡಿ ಮುಗಿಸಿರುತ್ತದೆ. ಗದ್ದಲವಾಗುತ್ತದೆ, ಪ್ರಾಂಶುಪಾಲರಿಗೆ ಮೊದಲೇ ತಿಳಿಸಿಡಿ.

ವಿಷಯ ಮಾತ್ರ ಸಣ್ಣದಿರಲಿ. ‘ಯುವಜನತೆ ಮತ್ತು ರಾಷ್ಟ್ರ ನಿರ್ಮಾಣ’ ಎಂದು ಕೊಟ್ಟರೆ ಎಂಟನೇ ತರಗತಿಯ ಪ್ರಬಂಧ ಹೊರಬರುತ್ತದೆ. ನಿಮ್ಮದು ಹಾವೇರಿ ಜಿಲ್ಲೆ. ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಮುನ್ನ ಮೆಣಸಿನಕಾಯಿಯನ್ನು ಹೇಗೆ ಒಣಗಿಸುತ್ತಾರೆ ಎಂದು ಕೇಳಿ. ಮನೆಯಲ್ಲಿ ಅದನ್ನು ಬೆಳೆಯುವ ಹುಡುಗನ ನಾಲಿಗೆ ತಾನಾಗಿಯೇ ಸಡಿಲವಾಗುತ್ತದೆ. ಮೊದಲ ಕೆಲವು ವಾರ ಕನ್ನಡದಲ್ಲೇ ಮಾತನಾಡಲಿ. ಹೇಳುವ ಕ್ರಮ ಕೈಗೆ ಹತ್ತಿದ ಮೇಲೆ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿಸಿ. ಎರಡು ಭಯಗಳನ್ನು ಒಂದೇ ದಿನ ತಲೆಯ ಮೇಲೆ ಹೇರಬೇಡಿ.

ಇನ್ನು ಗಂಟುಬೀಳುವ ವಿಷಯ. ಅಮೆರಿಕದಲ್ಲಿ ಈ ಜಗಳ ನೂರು ವರ್ಷಕ್ಕಿಂತ ಹಳೆಯದು. 1914ರಲ್ಲಿ 17 ಮಂದಿ ಅಧ್ಯಾಪಕರು ಅಲ್ಲಿನ ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಮಂಡಳಿಯಿಂದ ಸಿಡಿದು, ಭಾಷಣ ಬೋಧಕರದೇ ಸಂಘ ಕಟ್ಟಿಕೊಂಡರು. ಮರುವರ್ಷವೇ ತಮ್ಮದೊಂದು ನಿಯತಕಾಲಿಕವನ್ನೂ ಹೊರತಂದರು. ಇಂದಿನ ನ್ಯಾಷನಲ್ ಕಮ್ಯುನಿಕೇಷನ್ ಅಸೋಸಿಯೇಷನ್‌ನ ಮೂಲ ಅದು. ನಮ್ಮಲ್ಲಿ ಯಾರೂ ಸಿಡಿದು ಹೋಗಿಲ್ಲ, ಆದ್ದರಿಂದ ಪತ್ರಿಕೆ ನಿಮ್ಮ ಮೇಜಿನ ಮೇಲಿದೆ.

ಪ್ರಶ್ನೆ: ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಸೆಮಿನಾರಿಗೆ ನಿಂತರೆ ಕೈ ನಡುಗುತ್ತದೆ. ಅದು ಎಲ್ಲರಿಗೂ ಕಾಣುತ್ತಿದೆ ಎನಿಸಿ ಇನ್ನೂ ನಡುಗುತ್ತದೆ. ಎದುರಿಗಿರುವವರನ್ನು ಕುಂಬಳಕಾಯಿ ಎಂದುಕೊ ಎನ್ನುತ್ತಾನೆ ಗೆಳೆಯ.
— ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಕುಂಬಳಕಾಯಿಗಳಿಗೆ ಸೆಮಿನಾರ್ ಏಕೆ ಬೇಕು ತಮ್ಮಾ? ಆ ಗೆಳೆಯನನ್ನೇ ಮುಂದಿನ ಬೆಂಚಿನಲ್ಲಿ ಕೂರಿಸಿ ಅವನ ಮುಖ ನೋಡಿಕೊಂಡು ಮಾತನಾಡು.

ನಿನ್ನ ಪತ್ರದ ಎರಡನೇ ಮಾತು ಮುಖ್ಯ: ‘ಎಲ್ಲರಿಗೂ ಕಾಣುತ್ತಿದೆ’. ಕಾಣುವುದಿಲ್ಲ, ಅಥವಾ ನೀನು ಎಣಿಸಿದಷ್ಟು ಕಾಣುವುದಿಲ್ಲ. ಕೆನ್ನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಭಾಷಣ ಮಾಡಿದ ವಿದ್ಯಾರ್ಥಿಗಳು ತಮ್ಮ ಅಳುಕು ಕೇಳುಗರಿಗೆ ಎಷ್ಟು ಗೊತ್ತಾಯಿತೆಂದು ಅಂದಾಜಿಸಿದರೋ, ಕೇಳುಗರಿಗೆ ಅಷ್ಟು ಗೊತ್ತಾಗಿರಲಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಈ ಸಂಗತಿಯನ್ನು ಮೊದಲೇ ತಿಳಿಸಿ ವೇದಿಕೆಗೆ ಕಳುಹಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ‘ಹೆದರಬೇಡ’ ಎಂಬ ಬರಿಯ ಸಮಾಧಾನದಿಂದ ಆ ಫಲ ಸಿಗಲಿಲ್ಲ. ನಿನಗೂ ಈಗ ತಿಳಿಸಿದ್ದೇನೆ.

ಉಳಿದದ್ದು ಕೈಕೆಲಸ. ಎ4 ಹಾಳೆ ಹಿಡಿಯಬೇಡ. ತೆಳ್ಳಗಿನ ಹಾಳೆ ಸಣ್ಣ ನಡುಕವನ್ನೂ ಕೊನೆಯ ಬೆಂಚಿಗೆ ತೋರಿಸುತ್ತದೆ. ಅಂಗೈಯಗಲದ ದಪ್ಪ ರಟ್ಟಿನ ಮೇಲೆ ನಾಲ್ಕು ಪದ ಬರೆದುಕೊ. ಮೊದಲ ಎರಡು ವಾಕ್ಯ ಮಾತ್ರ ಕಂಠಪಾಠವಿರಲಿ, ಏಕೆಂದರೆ ಭಯ ಹೆಚ್ಚಾಗಿರುವುದು ಆರಂಭದಲ್ಲೇ. ಇಡೀ ಭಾಷಣವನ್ನು ಬಾಯಿಪಾಠ ಮಾಡಿದರೆ ನಡುವೆ ಒಂದು ಪದ ಜಾರಿದಾಗ ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ನಡೆಸುತ್ತೇವೆ. ಅಕಾರ–ಹಕಾರ ತಪ್ಪಿತೆಂದು ತೀರ್ಪುಗಾರರು ಅಂಕ ಕಳೆಯುತ್ತಾರೆ. ಚೆನ್ನಾಗಿ ವಾದಿಸಿದ ಹಳ್ಳಿಯ ಮಕ್ಕಳು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಇದು ಸರಿಯೇ?
— ಕನ್ನಡ ಉಪನ್ಯಾಸಕ, ಮಂಡ್ಯ

ಉತ್ತರ: ಸರಿಯಲ್ಲ. ಉಚ್ಚಾರಣೆಗೆ ಅಂಕ ಇಡಲೇಬೇಕೆಂದಿದ್ದರೆ ಕಡಿಮೆ ಇಡಿ, ಅರ್ಥ ಕೆಟ್ಟಲ್ಲಿ ಮಾತ್ರ ಕಳೆಯಿರಿ. ‘ಹಕ್ಕು’ ಎನ್ನಬೇಕಾದಲ್ಲಿ ‘ಅಕ್ಕು’ ಎಂದರೆ ವಾದ ಯಾರಿಗೂ ತಪ್ಪಿಹೋಗುವುದಿಲ್ಲ. ತಿದ್ದಬೇಕಾದ್ದು ತರಗತಿಯಲ್ಲಿ, ಅದೂ ಒಬ್ಬರೇ ಇದ್ದಾಗ.

ಆದರೆ ಸ್ವಾಮಿ, ನಿಮ್ಮ ಸ್ಪರ್ಧೆಯಲ್ಲಿ ಚರ್ಚೆ ನಡೆಯುತ್ತದೆಯೇ? ನಾನು ತೀರ್ಪುಗಾರಳಾಗಿ ಕುಳಿತ ಹೆಚ್ಚಿನ ಕಡೆ ಪರದವರು ಐದು ನಿಮಿಷ ಒಪ್ಪಿಸಿ ಇಳಿಯುತ್ತಾರೆ, ವಿರೋಧದವರು ಐದು ನಿಮಿಷ ಒಪ್ಪಿಸಿ ಇಳಿಯುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡ ಕುರುಹೇ ಇರುವುದಿಲ್ಲ. ಆರಂಭಕ್ಕೆ ಒಂದು ವಚನ, ಕೊನೆಗೆ ಒಂದು ಚುಟುಕ. ಸಂಜೆ ಪರ್ಯಾಯ ಪಾರಿತೋಷಕ.

ನಿಮ್ಮ ಮಕ್ಕಳನ್ನು ಒಮ್ಮೆ ದಕ್ಷಿಣ ಕನ್ನಡಕ್ಕೋ ಉಡುಪಿಗೋ ಕರೆದುಕೊಂಡು ಹೋಗಿ ತಾಳಮದ್ದಳೆ ಕೇಳಿಸಿ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ ಪಾತ್ರವಾಗಿ ವಾದ ಹೂಡುತ್ತಾನೆ. ಎದುರಿನ ಕೃಷ್ಣ ಎಸೆದ ಪ್ರಶ್ನೆಗೆ ಕರ್ಣ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ; ಹೋದರೆ ಸಭೆಗೆ ಗೊತ್ತಾಗಿಬಿಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಹೆಸರು ಇಂದಿಗೂ ಉಳಿದಿರುವುದು ಆ ವಾದದ ಹರಿತದಿಂದ. ಭಾಷಣ ಕಲೆಗೆ ಗ್ರೀಸು, ರೋಮುಗಳ ಉದಾಹರಣೆಯನ್ನೇ ಪಾಠದಲ್ಲಿ ಓದಿಸುವ ನಾವು ಪಕ್ಕದ ಊರಿನ ಈ ಪಾಠಶಾಲೆಯನ್ನು ಪಠ್ಯಕ್ರಮದ ಹೊರಗೇ ಇಟ್ಟಿದ್ದೇವೆ.

ಮುಂದಿನ ಬಾರಿ ಅಂಕಪಟ್ಟಿಯಲ್ಲಿ ‘ಎದುರಾಳಿಗೆ ಕೊಟ್ಟ ಉತ್ತರ’ ಎಂದು ಒಂದು ಕಾಲಂ ಸೇರಿಸಿ, ಅರ್ಧದಷ್ಟು ಅಂಕ ಅದಕ್ಕೆ ಕೊಡಿ. ಕಂಠಪಾಠದ ಚಾಂಪಿಯನ್ನರು ಆ ವರ್ಷ ತೊಂದರೆಗೆ ಸಿಲುಕುತ್ತಾರೆ.

ಪ್ರಶ್ನೆ: ಪಿಎಚ್‌.ಡಿ. ಮೌಖಿಕ ಪರೀಕ್ಷೆಗೆ 70 ಸ್ಲೈಡ್ ಸಿದ್ಧಪಡಿಸಿದ್ದೇನೆ. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಸಾಕಾಗುತ್ತದೆಯೇ?
— ಸಂಶೋಧನಾರ್ಥಿ, ಧಾರವಾಡ

ಉತ್ತರ: ಸ್ಲೈಡು ಸಾಕಷ್ಟಿವೆ, ನಿಮಿಷ ಸಾಲದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಸಂಶೋಧನಾರ್ಥಿಗಳಿಗಾಗಿ ಒಂದು ಸ್ಪರ್ಧೆ ಆರಂಭಿಸಿತು: ಇಡೀ ಮಹಾಪ್ರಬಂಧವನ್ನು ಮೂರು ನಿಮಿಷದಲ್ಲಿ, ಅಲುಗಾಡದ ಒಂದೇ ಸ್ಲೈಡಿನಲ್ಲಿ, ಆ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ನೀವೂ ಮೊದಲು ಆ ಮೂರು ನಿಮಿಷ ಸಿದ್ಧಪಡಿಸಿ, ಹಾಸ್ಟೆಲಿನಲ್ಲಿ ಬೇರೆ ವಿಭಾಗದವರಿಗೆ ಹೇಳಿನೋಡಿ. ಅವರು ಕೇಳುವ ಪ್ರಶ್ನೆಗಳಿಂದ ಉಳಿದ ಹದಿನೇಳು ನಿಮಿಷ ತಾನಾಗಿ ತುಂಬುತ್ತದೆ. ಪರೀಕ್ಷಕರು ಪ್ರಬಂಧವನ್ನು ಓದಿಯೇ ಬಂದಿರುತ್ತಾರೆ. ಪರದೆಯ ಮೇಲಿನದನ್ನು ಅವರಿಗೆ ಮತ್ತೆ ಓದಿ ಹೇಳಬೇಡಿ.

ಪ್ರಶ್ನೆ: ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ನನಗೆ ಬಂದಿದೆ. ಯಾರೂ ಕೇಳುವುದಿಲ್ಲ ಎಂಬ ಬೇಸರ.
— ಬಿ.ಎ. ವಿದ್ಯಾರ್ಥಿನಿ, ಸಾಗರ

ಉತ್ತರ: ಹೆಸರಿದ್ದವರು ಕೇಳುತ್ತಾರಮ್ಮ, ಅದೂ ಬಹಳ ಗಮನವಿಟ್ಟು. ಆದ್ದರಿಂದ ಹೆಸರು, ಇನಿಷಿಯಲ್, ಹುದ್ದೆಗಳನ್ನು ಬೆಳಿಗ್ಗೆಯೇ ವಿಚಾರಿಸಿ ಬರೆದಿಟ್ಟುಕೊ. ‘ವಂದಿಸಲು ಬಯಸುತ್ತೇನೆ’ ಎಂದು ಬಯಸುತ್ತಾ ನಿಲ್ಲದೆ ವಂದಿಸಿಬಿಡು. ಧ್ವನಿವರ್ಧಕದವರನ್ನೂ ಶಾಮಿಯಾನದವರನ್ನೂ ಬಿಡಬೇಡ. ಎರಡು ನಿಮಿಷ ಧಾರಾಳವಾಯಿತು. ಊಟದ ವ್ಯವಸ್ಥೆಯ ಸುದ್ದಿ ಹೇಳುವುದಿದ್ದರೆ ಕೊನೆಗಿಡು; ಮೊದಲೇ ಹೇಳಿದರೆ ಉಳಿದ ಹೆಸರುಗಳನ್ನು ಖಾಲಿ ಕುರ್ಚಿಗಳಿಗೆ ಓದಬೇಕಾದೀತು.