ಮೂರನೇ ನಿಮಿಷಕ್ಕೆ ನಿಂತ ಭಾಷಣ

ಹಾವೇರಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಒಂಬತ್ತನೇ ತರಗತಿಯ ಮಗಳು ಕ್ಲಸ್ಟರ್ ಮಟ್ಟದ ಭಾಷಣ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆದಳು. ವಿಷಯ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು. ತಾಲ್ಲೂಕು ಮಟ್ಟದಲ್ಲಿ ಅದೇ ಭಾಷಣ ಮಾಡುವಾಗ ಮೂರನೇ ನಿಮಿಷಕ್ಕೆ ಮಾತು ನಿಂತಿತು. ಅಳುತ್ತ ಇಳಿದು ಬಂದಳು. ಈಗ ವೇದಿಕೆ ಅಂದರೆ ಒಲ್ಲೆ ಅನ್ನುತ್ತಾಳೆ. ಧಾರವಾಡದ ಒಳ್ಳೇ ಪ್ರಾಧ್ಯಾಪಕರಿಂದ ಹೊಸ ಭಾಷಣ ಬರೆಸಬೇಕೋ, ಹುಬ್ಬಳ್ಳಿಯಲ್ಲಿ ತರಬೇತಿ ಕ್ಲಾಸಿಗೆ ಹಚ್ಚಬೇಕೋ? ಪತ್ರದ ಜೊತೆ ಆ ಭಾಷಣದ ಪ್ರತಿಯನ್ನೂ ಇಟ್ಟಿದ್ದಾರೆ.

ಎರಡೂ ಬೇಡ. ಮೊದಲು ಆಕೆ ಯಾಕೆ ನಿಂತಳು ಅನ್ನುವುದನ್ನು ನೋಡೋಣ. ನೀವು ಕಳಿಸಿದ ಪ್ರತಿಯ ಪದಗಳನ್ನು ಎಣಿಸಿದೆವು: 690. ಸ್ಪರ್ಧೆಯ ಅವಧಿ ಐದು ನಿಮಿಷ. ಅಂದರೆ ನಿಮಿಷಕ್ಕೆ 138 ಪದ. ನಮ್ಮ ಕನ್ನಡದ ಪದಗಳು ಪ್ರತ್ಯಯ ಕೂಡಿಕೊಂಡು ಉದ್ದವಾಗುತ್ತವೆ. ಕೇಳುವವರಿಗೆ ತಿಳಿಯುವ ಹಾಗೆ ಮಾತಾಡಿದರೆ ನಿಮಿಷಕ್ಕೆ 80, ಹೆಚ್ಚೆಂದರೆ 100. ಹುಡುಗಿ ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲದ ಭಾಷಣ ಅದು. ಎರಡು ನಿಮಿಷ ಹೇಗೋ ಓಡಿಸಿದ್ದಾಳೆ, ಮೂರನೆಯದಕ್ಕೆ ದಮ್ಮು ಕಟ್ಟಿದೆ. ದಮ್ಮು ಕಟ್ಟಿದಾಗ ಮೊದಲು ಕೈಕೊಡುವುದೇ ನೆನಪು.

ಎರಡನೇ ಕಾರಣ ಬಾಯಿಪಾಠ. ಬಾಯಿಪಾಠದಲ್ಲಿ ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಕೊನೆಯ ಪದಕ್ಕೆ ಜೋತುಬಿದ್ದಿರುತ್ತದೆ. ಮೈಕಿನಲ್ಲಿ ತನ್ನದೇ ದನಿ ಬೇರೆಯಾಗಿ ಕೇಳಿಸಿತು, ಮುಂದಿನ ಸಾಲಿನಲ್ಲಿ ಯಾರೋ ಎದ್ದರು, ಒಂದು ಪದ ಜಾರಿತು: ಅಲ್ಲಿಂದ ಮುಂದಿನದೆಲ್ಲ ಹೋಯಿತು. ಪ್ರಾಧ್ಯಾಪಕರು ಬರೆದರೂ ಆಗುವುದು ಇದೇ. ಇಷ್ಟು ಆಕೆಗೆ ಇವತ್ತೇ ಹೇಳಿ. ತಪ್ಪು ಅವಳದಲ್ಲ, ಅವಳ ಕೈಗೆ ಕೊಟ್ಟ ಹಾಳೆಯದು.

ಈಗ ಆ ಹಾಳೆ ಪಕ್ಕಕ್ಕಿಡಿ. ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಚೀಟಿಯ ಮೇಲೆ ಐದು ಗುರುತು ಮಾತ್ರ ಬರೆಯಲಿ: ನಿಲ್ದಾಣ, ಮೋಟೆಬೆನ್ನೂರು, ದಂಡಿ 1930, ಹೊಸರಿತ್ತಿ 1943, ವಯಸ್ಸು. ಇದನ್ನು ಹಿಡಿದು ಅಜ್ಜಿಗೋ ಅವ್ವಗೋ ಮನೆಮಾತಿನಲ್ಲಿ ಹೇಳಲಿ: "ನಮ್ಮ ಹಾವೇರಿ ಸ್ಟೇಶನ್ನಿಗೆ ಮೈಲಾರ ಮಹಾದೇವಪ್ಪನವರ ಹೆಸರ ಐತಲ್ಲ, ಅವರು ಗಾಂಧೀಜಿ ಕೂಡ ದಂಡಿಗೆ ನಡಕೋಂತ ಹೋದಾಗ ಹತ್ತೊಂಬತ್ತೂ ತುಂಬಿರಲಿಲ್ಲ." ನೀವು ಕಳಿಸಿದ ಭಾಷಣದಲ್ಲಿ "ಸ್ವಾತಂತ್ರ್ಯ ಸಂಗ್ರಾಮದ ಕಹಳೆ ಮೊಳಗಿದಾಗ" ಅಂತ ಶುರುವಾಗುವ ಅರ್ಧ ಪುಟಕ್ಕಿಂತ ಈ ಒಂದು ಮಾತು ಹೆಚ್ಚು ನಾಟುತ್ತದೆ. ಜೂನ್ 1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿದವರು, ಮಾರ್ಚ್ 1930ರಲ್ಲಿ ಸಬರಮತಿಯಿಂದ ಹೊರಟ ದಂಡಿನಲ್ಲಿದ್ದ ಕನ್ನಡಿಗ, ಏಪ್ರಿಲ್ 1, 1943ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರು, ಆಗಿನ್ನೂ 31. ಈ ಲೆಕ್ಕವನ್ನು ಆಕೆಯೇ ಕಳೆದು ಕೂಡಿಸಿ ಮಾಡಲಿ. ತಾನೇ ಹಾಕಿದ ಲೆಕ್ಕ ಬೇಗ ಮರೆಯುವುದಿಲ್ಲ.

ಪ್ರತಿ ಸಲ ಪದಗಳು ಬೇರೆ ಬರುತ್ತವೆ, ಬರಲಿ. ಐದು ಗುರುತಿನ ಕ್ರಮ ಮಾತ್ರ ತಪ್ಪಬಾರದು. ನಾಲ್ಕೈದು ದಿನ ಹೀಗೆ ಹೇಳಿದ ಮೇಲೆ ನೀವು ಚೀಟಿಯ ಮೇಲೆ ಎಲ್ಲಿಯಾದರೂ ಬೆರಳಿಡಿ. ಆಕೆ ಅಲ್ಲಿಂದಲೇ ಶುರು ಮಾಡಬೇಕು. ಇವತ್ತು ಹೊಸರಿತ್ತಿಯಿಂದ, ನಾಳೆ ಮೋಟೆಬೆನ್ನೂರಿನಿಂದ. ನಡುವೆ ನಿಂತರೂ ನಡುವಿನಿಂದಲೇ ಎದ್ದು ಹೋಗುವ ಅಭ್ಯಾಸ ಇದರಿಂದಲೇ ಬರುವುದು. ಬಾಯಿಪಾಠ ಬೇಕಾದದ್ದು ಮೊದಲ ಎರಡು ವಾಕ್ಯ, ಕೊನೆಯ ಒಂದು, ಮತ್ತು ಇಸವಿಗಳು. ಐದು ನಿಮಿಷದ ಸ್ಪರ್ಧೆಗೆ ನಾಲ್ಕು ನಿಮಿಷದ ಮಾತು ಸಾಕು. "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತ ಹೋದರೆ ಅರ್ಧ ನಿಮಿಷ ಹೋಗುತ್ತದೆ. "ಎಲ್ಲರಿಗೂ ನಮಸ್ಕಾರ" ಅನ್ನಲಿ, ವಿಷಯಕ್ಕೆ ಬರಲಿ.

ದನಿಯ ವಿಷಯದಲ್ಲಿ ನಮ್ಮ ಮಕ್ಕಳೆಲ್ಲರೂ ಮಾಡುವ ಒಂದು ತಪ್ಪಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಉಸಿರು ಮುಗಿಯುವುದೂ ಅಲ್ಲೇ. "ಅವರು ಹೆದರಿ ಓಡಿಹೋಗಲಿಲ್ಲ" ಅನ್ನುವಾಗ ಕೊನೆ ಇಳಿದುಹೋದರೆ ಹಿಂದಿನ ಬೆಂಚಿನವರಿಗೆ ಕೇಳಿಸುವುದು "ಓಡಿಹೋ..." ಅಷ್ಟೇ, ಅರ್ಥವೇ ತಿರುವುಮುರುವು. ಮನೆಯಲ್ಲಿ ನೀವು ಹಿತ್ತಲ ಬಾಗಿಲಲ್ಲಿ ನಿಲ್ಲಿ, ಆಕೆ ಮುಂದಿನ ಪಡಸಾಲೆಯಿಂದ ಹತ್ತು ವಾಕ್ಯ ಹೇಳಲಿ. ಕೇಳಿದ ಕೊನೆಯ ಪದವನ್ನು ಮಾತ್ರ ನೀವು ತಿರುಗಿ ಹೇಳಿ. ಹೇಳಲಾಗದಿದ್ದರೆ ಆ ವಾಕ್ಯ ಉದ್ದವಾಯಿತು, ಎರಡು ಮಾಡಲಿ. ಉಸಿರು ಎಳೆಯುವಾಗ ಭುಜ ಮೇಲೇಳುತ್ತಿದ್ದರೆ ಗಾಳಿ ಎದೆಯ ಮೇಲ್ಭಾಗಕ್ಕಷ್ಟೇ ಹೋಗುತ್ತಿದೆ ಅಂತ ತಿಳಿಯಿರಿ. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಅಂಗೈ ಮುಂದೆ ಬರುವ ಹಾಗೆ ಮೂಗಿನಿಂದ ಎಳೆದುಕೊಳ್ಳಲಿ.

ನಮ್ಮ ಕಡೆಯ ಭಾಷೆಗೆ ನಾಚಬೇಕಾಗಿಲ್ಲ. ಧಾರವಾಡದ ಆಡುಮಾತಿನಲ್ಲೇ ಬೇಂದ್ರೆಯವರು ಕಾವ್ಯ ಕಟ್ಟಿದರು. ಆದರೆ ಒಂದೇ ವಾಕ್ಯದಲ್ಲಿ "ಮಾಡಿದ್ದಾರೆ"ಯೂ "ಮಾಡ್ಯಾರ"ವೂ ಕಲಸಿದರೆ ತೀರ್ಪುಗಾರರಿಗೆ ಅದು ತಡವರಿಕೆಯಾಗಿ ಕೇಳಿಸುತ್ತದೆ. ಭಾಷಣ ಗ್ರಂಥಭಾಷೆಯಲ್ಲಿರಲಿ, ಊರವರ ಮಾತು ಹೇಳುವಲ್ಲಿ ಊರ ಮಾತೇ ಇರಲಿ. ಭ, ಧ, ಷಗಳನ್ನು ಬ, ದ, ಸ ಮಾಡುತ್ತಾಳೇನೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ಹತ್ತು ತಪ್ಪು ಒಟ್ಟಿಗೆ ಹೇಳಿದಿರೋ, ಮರುದಿನ ಬಾಯಿ ಬಿಡುವುದಿಲ್ಲ.

ಮೈಕು ಬಾಯಿಂದ ನಾಲ್ಕೈದು ಬೆರಳು ದೂರ, ಗದ್ದದ ಮಟ್ಟಕ್ಕೆ ಇರಲಿ. ನೇರ ಬಾಯಿಗೆ ಹಿಡಿದರೆ ಪ, ಭ ಅಂದಾಗಲೆಲ್ಲ ಗಾಳಿ ಬಡಿದು ಡಬ್ ಅನ್ನುತ್ತದೆ. ಸ್ಟ್ಯಾಂಡ್ ಎತ್ತರವಿದ್ದರೆ ಇಳಿಸಿರಿ ಅಂತ ಕೇಳಲು ಮೊದಲೇ ಹೇಳಿಕೊಡಿ. ಮಕ್ಕಳು ಕೇಳದೆ ಕತ್ತು ಚಾಚಿ ಮಾತಾಡಿ ಗಂಟಲು ಬಿಗಿ ಮಾಡಿಕೊಳ್ಳುತ್ತಾರೆ. ಮಾತು ಮರೆತರೆ "ಕ್ಷಮಿಸಿ" ಬೇಡ. ಚೀಟಿ ನೋಡಲಿ, ಒಂದು ಉಸಿರು ತೆಗೆದುಕೊಳ್ಳಲಿ, ಹಿಂದಿನ ಮಾತನ್ನೇ ಬೇರೆ ಪದಗಳಲ್ಲಿ ಹೇಳಿ ಮುಂದೆ ಹೋಗಲಿ. ಮೂರು ಸೆಕೆಂಡಿನ ಮೌನ ಅವಳಿಗೆ ಯುಗ, ಕೇಳುವವರಿಗೆ ಬರೀ ವಿರಾಮ.

ಕ್ಲಾಸಿನ ಫೀಜಿನ ಬದಲು ಬಸ್ ಚಾರ್ಜು ಖರ್ಚು ಮಾಡಿ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇದೆ, ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ; ಗದಗಿನ ತೋಂಟದಾರ್ಯ ಮಠದ ಶಿವಾನುಭವ ಉಪನ್ಯಾಸಗಳೂ ಇವೆ. ಕರೆದುಕೊಂಡು ಹೋಗಿ ಕೂಡ್ರಿಸಿ. ಮಾತುಗಾರರು ಎಲ್ಲಿ ನಿಲ್ಲಿಸಿದರು, ಯಾವ ಮಾತಿಗೆ ಸಭೆ ತಲೆಯೆತ್ತಿತು ಅಂತ ಗುರುತು ಹಾಕಿಕೊಳ್ಳಲಿ.

ವೇದಿಕೆಗೆ ಮಾತ್ರ ಸ್ಪರ್ಧೆಯಿಂದ ಮರಳಿಸಬೇಡಿ. ಶಾಲೆಯ ಪ್ರಾರ್ಥನೆಯಲ್ಲಿ ಒಂದು ನಿಮಿಷ ಸುದ್ದಿ ಓದುವುದು ಮೊದಲಾಗಲಿ, ಎರಡು ವಾರ. ಆಮೇಲೆ ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಕರೆದಾಗ ಎದ್ದು ನಿಲ್ಲಲಿ. ಅಲ್ಲಿ ಬಹುಮಾನವಿಲ್ಲ, ತೀರ್ಪುಗಾರರಿಲ್ಲ, ಉತ್ತರ ಕೊಡಬೇಕಾದವರು ಎದುರಿಗೇ ಕೂತಿರುತ್ತಾರೆ. ಶಾಲೆಯ ನಳದಲ್ಲಿ ನೀರು ಬರುತ್ತಿಲ್ಲವೇ? ಚೀಟಿಯ ಮೇಲೆ ಮೂರೇ ಪದ: ನಳ, ಎಂದಿನಿಂದ, ಏನು ಬೇಕು. ಎರಡು ನಿಮಿಷ.